ದೇವರಿಗೆ ಬಿಟ್ಟ ಗೋಧಿ

೩ ಜೂನ್ ೧೯೭೮, ಶನಿವಾರ. ರಾಯಚೂರು

ನಿಜಾಮ ಸರಕಾರದ ಆನೆಯನ್ನು ಎರಡೇ ಕೈಯಲ್ಲಿ ಎತ್ತಿ ತೂಕ ಹೇಳಿದವ ನಾನು. ಆಗ ಹನ್ನೆರಡು ವರ್ಷ. ಆನೆಗೇ ನಾಚಿಕೆಯಾಗಿ ಮುಖ ತಿರುಗಿಸಿತು. ಇವತ್ತು ಗಂಜಿನಲ್ಲಿ, ಅದೇ ದವಸದ ಪೇಟೆಯಲ್ಲಿ, ಸೇಂಗಾ ತೂಗುತ್ತಾ ಮತ್ತೆ ಹೇಳಿದೆ. ಹಮಾಲರು ನಕ್ಕರು. ಒಬ್ಬ ಕೇಳಿದ:

"ಬೂದೆಪ್ಪ ಮಾವ, ಸೊಂಡಿಲು ಸೇರಿಸಿ ತೂಗಿದ್ಯೋ, ಬಿಟ್ಟು ತೂಗಿದ್ಯೋ?"

"ಸೊಂಡಿಲಿಂದು ಬ್ಯಾರೆ ಕಳದೀನಿ. ಚೀಲದ ತೂಕ ಕಳದಂಗ."

ನಗಲಿ. ಚೀಲ ಎತ್ತಿದ ಕೂಡಲೇ, ಕಾಂಟಾದ ಮುಳ್ಳು ನಿಲ್ಲುವ ಮೊದಲೇ ತೂಕ ಹೇಳುವವ ಇಡೀ ಗಂಜಿನಲ್ಲಿ ನಾನೊಬ್ಬನೇ. ಇದು ಆನೆಯ ಹಾಗಲ್ಲ. ಖರೆ.

ಆದರೆ ಇವತ್ತು ಕೆಲಸದ ನಡುವೆ ಚೊಂಬು ಹಿಡಿದು ಮತ್ತೆ ಮತ್ತೆ ಓಡಿದೆ. ವರ್ಷದಿಂದ ಹೀಗೇ. ಧೋತರ ಒಂದು ಸುತ್ತು ಹೆಚ್ಚು ಬರುತ್ತಿದೆ. ಹೊಟ್ಟೆ ಹಗುರಾಗಲಿ ಎಂದು ಜೋಳದ ರೊಟ್ಟಿ ಬಿಟ್ಟು ಗೋಧಿ ಚಪಾತಿ, ರವೆ ಗಂಜಿ ತಿನ್ನುತ್ತಿದ್ದೇನೆ. ಇನ್ನೂ ಜಾಸ್ತಿ ಆಗಿದೆ. ರಾತ್ರಿ ಅಮರಮ್ಮ ಒಲೆಯ ಮುಂದೆ ಕೂತು ಅಂದಳು:

"ಆನಿ ಎತ್ತಿದವರು ಆ ಕೊಡ ಒಂದೀಟು ಎತ್ತಿ ಇಡ್ರಿ ನೋಡೂಣು."

ಎತ್ತಿದೆ. ನಡುವೆಯೇ ಕೆಳಗಿಟ್ಟೆ. ನನ್ನ ಹೆಂಡತಿ ನೋಡಿಯೂ ನೋಡದ ಹಾಗೆ ಹಂಚಿನ ಕಡೆ ತಿರುಗಿದಳು.

೨೨ ಜುಲೈ. ಹೈದರಾಬಾದು

ಗಂಜಿನಲ್ಲಿ ಬಿದ್ದೆನಂತೆ. ನನಗೆ ನೆನಪಿಲ್ಲ. ಗಿರಣಿಯ ಅಮೀರ್ ಸಾಬ್ ರೈಲು ಹತ್ತಿಸಿ ಇಲ್ಲಿಗೆ ತಂದಿದ್ದಾನೆ. ಚಿಕ್ಕಂದಿನ ಗೆಳೆಯ. ನಾನು ಸುಳ್ಳು ಹೇಳಿದಾಗ ಎದುರಿಗೆ ನಗುತ್ತಾನೆ, ಹಿಂದೆ ನಗುವುದಿಲ್ಲ.

ದೊಡ್ಡ ಆಸ್ಪತ್ರೆ. ಬಂದೂಕಿನ ಗುಂಡಿನಂಥ ಗುಳಿಗೆ, ಅದಕ್ಕೊಂದು ಉದ್ದನೆ ನಳಿಕೆಯ ಬಾಲ. ನುಂಗಿಸಿದರು. ಕರುಳಿನ ಚೂರು ಕಡಿದುಕೊಂಡು ಹೊರಗೆ ಬಂತು. ಪಕ್ಕದ ಮಂಚದವ ಹೆದರಿ ನೋಡುತ್ತಿದ್ದ. ಇಂಥವು ದಿನಾ ನಾಲ್ಕು ನುಂಗುತ್ತೇನೆ ಎಂದೆ. ಕಣ್ಣಲ್ಲಿ ನೀರು ಬರುತ್ತಿತ್ತು, ನಳಿಕೆಯ ದೆಸೆಯಿಂದ.

೨೯ ಜುಲೈ

ರೋಗದ ಹೆಸರು ಸೀಲಿಯಾಕ್. ಡಾಕ್ಟರು ಉರ್ದುವಿನಲ್ಲಿ ಹೇಳಿದರು. ನನ್ನ ನಾಲ್ಕನೇ ಇಯತ್ತೆಯೂ ಉರ್ದುವೇ, ತಿಳಿಯಿತು. ಕರುಳಿನೊಳಗೆ ಹುಲ್ಲಿನಂಥ ಎಳೆ ಇರುತ್ತವಂತೆ. ಅನ್ನದ ಸತ್ವ ಹೀರುವುದು ಅವೇ. ನನ್ನವು ಕುರಿ ಮೇಯ್ದ ಹೊಲದ ಹಾಗೆ ಬೋಳಾಗಿವೆ. ಮೇಯ್ದದ್ದು ಗೋಧಿ.

ಜೋಳ, ಅಕ್ಕಿ, ಸಜ್ಜೆ, ಬೇಳೆ ತಿನ್ನು ಎಂದರು. ಗೋಧಿ, ಮೈದಾ, ರವೆ, ಶಾವಿಗೆ, ಬಿಸ್ಕತ್ತು, ಬನ್ನು... ಜೀವ ಇರುವ ತನಕ ಇಲ್ಲ. ಹೋಳಿಗೆ? ಅದೂ ಇಲ್ಲ. ಎರಡು ಸಲ ಕೇಳಿದೆ.

ಇದು ರಕ್ತದಲ್ಲಿ ಬರುವಂಥದು, ಮನೆತನದಲ್ಲಿ ಬೇರೆ ಯಾರಾದರೂ ಸೊರಗಿದ್ದಾರೆಯೇ, ಮಕ್ಕಳು? ಎಂದು ಕೇಳಿದರು. ನಮ್ಮ ವಂಶದವರು ಕಲ್ಲು ತಿಂದು ಕರಗಿಸುವವರು ಎಂದೆ. ಇದ್ದರೆ ಕರೆದುಕೊಂಡು ಬಾ, ಎಳೆಯದರಲ್ಲಿ ಬೇಗ ಗುಣವಾಗುತ್ತದೆ ಎಂದರು. ನಮಗೆ ಮಕ್ಕಳಿಲ್ಲ. ಯಾರನ್ನು ಕರೆದೊಯ್ಯಲಿ.

ರೈಲಿನಲ್ಲಿ ಅಮೀರ್ ಸಾಬನ ಕೈ ಹಿಡಿದು ಆಣೆ ಹಾಕಿಸಿದೆ. ಅಮರಮ್ಮನ ಹೊರತು ಯಾರಿಗೂ ಹೇಳಬಾರದು. ಹಾಲುಗಲ್ಲದ ಕೂಸು ಅರಗಿಸಿಕೊಳ್ಳುವ ಚಪಾತಿ ಬೂದೆಪ್ಪನಿಗೆ ಅರಗುವುದಿಲ್ಲ ಅಂದರೆ ಗಂಜಿನಲ್ಲಿ ಮುಖ ತೋರಿಸುವುದು ಹೇಗೆ?

೨ ಆಗಸ್ಟ್. ರಾಯಚೂರು

ಸಂತೆ ಮಾಡುವುದೂ ಒಂದು ವಿದ್ಯೆಯಾಯಿತು. ಬುರ್ಹಾನುದ್ದೀನನ ಕಿರಾಣಿಯಲ್ಲಿ ಒಂದೊಂದೇ ಡಬ್ಬಿ ಬಿಚ್ಚಿಸಿ ಮೂಸಿದೆ. ಕಡ್ಲಿ ಹಿಟ್ಟು ಕೇಳಿದರೆ ಅಳೆಯುವ ಸೇರಿನಲ್ಲಿ ಮೈದಾ ಮೆತ್ತಿರುತ್ತದೆ. ಇಂಗು ತೆಗೆದುಕೊಂಡೆ, ಹೊಟ್ಟೆಗೆ ಒಳ್ಳೆಯದೆಂದು. ಹಣ ಕೊಡುವಾಗ ಆತ ಅಂದ:

"ಮಾವ, ಇಂಗು ಬರೇ ಇಂಗಲ್ಲ. ಮೈದಾದಾಗ ಕಲಸಿ ಉಂಡಿ ಕಟ್ಟಿರ್ತಾರ. ಯಾಕ, ಮೈದಾ ಆಗೂದಿಲ್ಲೇನು ನಿನಗ?"

"ನನಗ ಕಬ್ಬಿಣಾನೂ ಆಗ್ತದ," ಎಂದು ಇಂಗು ಅಲ್ಲೇ ಬಿಟ್ಟು ಬಂದೆ. ವರ್ಷವಿಡೀ ಹೊಟ್ಟೆ ನೊಂದಾಗೆಲ್ಲ ಮಜ್ಜಿಗೆಗೆ ಇಂಗು ಹಾಕಿ ಕುಡಿದಿದ್ದೇನೆ. ಮದ್ದೆಂದು.

ಗಿರಣಿಯಲ್ಲಿ ಅಮೀರ್ ಸಾಬ್ ಒಂದು ದಾರಿ ಮಾಡಿದ. ದಿನಾ ಮೊದಲು ಬೀಸುವುದು ನನ್ನ ಜೋಳ. ಮೊದಲು ಬಿದ್ದ ಹಿಟ್ಟು ಎಮ್ಮೆಗೆ, ಆಮೇಲಿನದು ನನಗೆ. ಕಲ್ಲಿನ ಸಂದಿಯಲ್ಲಿ ನಿನ್ನೆಯ ಗೋಧಿ ಕೂತಿರುತ್ತದೆ.

"ಅರೇ ಭಾಯಿ," ಅಂದ, "ನಿನ್ನ ಸಲುವಾಗಿ ನಮ್ಮ ಎಮ್ಮಿ ದಪ್ಪ ಆಗ್ತದ ನೋಡು."

೮ ಆಗಸ್ಟ್, ನಾಗರಪಂಚಮಿ. ಹಿರೇಕೊಟ್ನೆಕಲ್

ತಂಗಿ ಯಮನಮ್ಮನನ್ನು ಹಬ್ಬಕ್ಕೆ ಕರೆದುಕೊಂಡು ಹೋಗಲು ಬಂದೆ. ಗಂಡ ಮುದುಕಪ್ಪ ಕುರಿಯ ಹಿಂದೆ ಹೋಗಿದ್ದಾನೆ, ಮನೆ ಬಿಟ್ಟು ಬರಲಾರೆ ಎಂದು ನನ್ನನ್ನೇ ಕೂಡಿಸಿಕೊಂಡಳು.

ಕರೆಮ್ಮ ಓಡಿ ಬಂದಳು. ಯಮನಮ್ಮನ ಒಬ್ಬಳೇ ಮಗಳು, ಐದು ತುಂಬಿದೆ. ನಮ್ಮದೊಂದು ಆಟ. ನಾನು ಎತ್ತಬೇಕು, ಆಕೆ ಕೇಳಬೇಕು:

"ಎಷ್ಟು ಬಂತು ಮಾವ?"

"ಒಂದು ಮಣ. ಮ್ಯಾಲೆ ಒಂದು ಬೆಲ್ಲದ ಚೂರು."

ತೂಕದ ಮೇಲೆ ಇಷ್ಟು ಹಾಕಿ ಕೊಡುವುದು ನಮ್ಮ ಗಂಜಿನ ಮರ್ಯಾದೆ. ಬೆಲ್ಲದ ಚೂರು ಬಾಯಿಗೆ ಹಾಕುತ್ತೇನೆ. ಇವತ್ತು ಬಿಸ್ಕತ್ತಿನ ಪುಡಕೆಯನ್ನೂ ತಂದಿದ್ದೆ. ಮಣ ಎನ್ನುವುದು ಆಟಕ್ಕೆ, ಹುಡುಗಿ ಖರೆ ಹದಿನಾರು ಕಿಲೋ ಇದ್ದಾಳೆ. ಬಿಸ್ಕತ್ತು ತಿಂದಳು, ಆದರೆ ಆಕೆಯ ಜೀವವೆಲ್ಲ ಬಿಸಿ ಜೋಳದ ರೊಟ್ಟಿ, ಮೇಲೆ ಬೆಣ್ಣೆ. ಒಲೆಯ ಹತ್ತಿರದಿಂದ ಏಳುವುದಿಲ್ಲ.

ಯಮನಮ್ಮ ತಾಟಿನಲ್ಲಿ ಹೋಳಿಗೆ ಇಟ್ಟಳು. ತುಪ್ಪ ಹರಿಯುತ್ತಿತ್ತು. ಅಣ್ಣ ಪಂಚಮಿ ದಿನ ತಂಗಿಯ ಹೋಳಿಗೆ ಬೇಡ ಅನ್ನುವುದುಂಟೇ? ಬೇಡ ಎಂದೆ. ಆಕೆಯ ಮುಖ ಸಣ್ಣದಾಯಿತು. ರೋಗ ಎನ್ನಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

"ಹರಕಿ ಅದ ತಂಗಿ. ದೇವಸುಗೂರು ಸೂಗೂರೇಶ್ವರ ಕನಸಿನಾಗ ಬಂದಿದ್ದ. ಜಡ್ಡು ವಾಸಿ ಆಗಬೇಕಂದ್ರ ನಿನಗ ಪ್ರಾಣದಂಥದು ಏನದ ಅದನ್ನ ನನಗ ಬಿಡು ಅಂದ. ಗೋದಿ ಬಿಟ್ಟೆ."

ಆಕೆ ಹೋಳಿಗೆಯ ತಾಟನ್ನು ಹಣೆಗೆ ಮುಟ್ಟಿಸಿಕೊಂಡು ಪಕ್ಕಕ್ಕಿಟ್ಟಳು. ಬಿಸಿ ರೊಟ್ಟಿ ತಂದಳು. ಓಣಿಯ ಹೆಂಗಸರು ಬಂದು ಕನಸು ಕೇಳಿದರು. ಮೂರನೇ ಸಲ ಹೇಳುವಾಗ ದೇವರು ಬಿಳಿ ಕುದುರೆ ಏರಿದ್ದ. ಎಷ್ಟು ಸುಲಭವಾಯಿತು. ರೋಗಿ ಅಂದರೆ ಅಯ್ಯೋ ಅನ್ನುತ್ತಾರೆ. ಹರಕೆ ಅಂದರೆ ಕಾಲು ಮುಟ್ಟುತ್ತಾರೆ.

೧೫ ಅಕ್ಟೋಬರ್, ಭಾನುವಾರ. ರಾಯಚೂರು

ಧೋತರ ಮೊದಲಿನ ಸುತ್ತಿಗೆ ಬಂದಿದೆ. ಗಂಜಿನಲ್ಲಿಯೂ ಹರಕೆಯ ಸುದ್ದಿ. ನನ್ನ ಎದುರು ಯಾರೂ ಪೂರಿ ತಿನ್ನುವುದಿಲ್ಲ. ಎಷ್ಟು ಸೊರಗಿದ್ದಿ ಎಂದು ಕೇಳಿದರೆ ಎರಡು ಕಿಲೋ ಅನ್ನುತ್ತೇನೆ.

ಯಮನಮ್ಮ ಕಂಬಳಿ ಮಾರಲು ಬಂದಿದ್ದಳು. ಕರೆಮ್ಮನನ್ನು ಎತ್ತಿದೆ. ಹದಿನೈದು. ದಸರೆಯ ಶಾವಿಗೆ, ಹೋಳಿಗೆ ಉಂಡ ಮೇಲೆ ಭೇದಿ ಹತ್ತಿದ್ದು ನಿಂತಿಲ್ಲವಂತೆ. ತೋಳು ಸಣ್ಣ, ಹೊಟ್ಟೆ ಉಬ್ಬಿದೆ. ರಕ್ತದಲ್ಲಿ ಬರುವಂಥದು. ಡಾಕ್ಟರು ಹೇಳಿದ ಮಾತು.

ಅಮರಮ್ಮ ಒಳಗೆ ಕರೆದು ಅಂದಳು: "ಹೇಳಿಬಿಡ್ರಿ. ನಿಮ್ಮದ ಜಡ್ಡು ಅದು. ಹೈದ್ರಾಬಾದಿಗಿ ಕರ್ಕೊಂಡು ಹೋಗ್ರಿ."

"ಹೇಳಿದ್ರ ಹರಕಿ ಸುಳ್ಳು ಅಂತ ಆಗ್ತದಲ್ಲ."

"ಆಗ್ಲಿ. ನಿಮ್ಮ ಸುಳ್ಳಿಗೇನು ಬರ ಅದ? ಇನ್ನೊಂದು ಹುಟ್ಟಿಸ್ತೀರಿ."

ಬಸ್‌ಸ್ಟ್ಯಾಂಡಿನ ತನಕ ಮಾತು ನಾಲಿಗೆಯ ಮೇಲೆ ಕೂತಿತ್ತು. ಹುಡುಗಿ ಬನ್ನು ಕೇಳಿದಳು, ಬಾಳೆಹಣ್ಣು ಕೊಡಿಸಿದೆ. ತಂಗಿಗೆ ಅಂದೆ:

"ಆಕೀಗಿ ಬಿಸ್ಕತ್ತು, ಬನ್ನು ಕೊಡಬ್ಯಾಡ."

"ತರಾಂವ ನೀನ, ಬ್ಯಾಡ ಅನ್ನಾಂವನೂ ನೀನ," ಎಂದು ನಕ್ಕಳು. ಆಮೇಲೆ ನನ್ನ ತೋಳು ಹಿಡಿದು ನೋಡಿದಳು. "ಹರಕಿ ಹೊತ್ತ ಮ್ಯಾಲೆ ಎಷ್ಟು ಚಲೋ ಆಗಿ ಅಣ್ಣ. ದೇವರು ಅದಾನ."

ಬಸ್ಸು ಹೊರಟಿತು. ಹತ್ತಿ ಸುಗ್ಗಿ ಮುಗಿಯಲಿ, ಊರಿಗೆ ಹೋಗಿ ಸಮಾಧಾನವಾಗಿ ಹೇಳುತ್ತೇನೆ.

೨೦ ನವೆಂಬರ್. ದೇವದುರ್ಗ

ಹತ್ತಿ ತೂಕಕ್ಕೆ ಬಂದು ವಾರವಾಯಿತು. ಮಾಘದ ತನಕ ಇಲ್ಲೇ. ಅಮರಮ್ಮ ಗಂಟು ಕಟ್ಟಿ ಕೊಟ್ಟ ಒಣ ಕಟಕ ರೊಟ್ಟಿ, ಸೇಂಗಾ ಚಟ್ನಿ. ಖಾನಾವಳಿಯ ಅನ್ನ ಉಣ್ಣುತ್ತೇನೆ, ಪಲ್ಯ ಮುಟ್ಟುವುದಿಲ್ಲ, ಒಂದೇ ಚಮಚೆ ಎಲ್ಲದರಲ್ಲೂ ಆಡುತ್ತದೆ. ಸಂಜೆ ಎಲ್ಲರೂ ಚಹಾದಲ್ಲಿ ಬನ್ನು ಅದ್ದುವಾಗ ನಾನು ರೊಟ್ಟಿ ಮುರಿದು ಅದ್ದುತ್ತೇನೆ. ನೋಡಿ ನಗುತ್ತಾರೆ. ಆನೆಗಳು ಹೀಗೇ ತಿನ್ನುವುದು ಎಂದೆ.

ಒಬ್ಬನೇ ಉಣ್ಣುವುದು ರೂಢಿಯಾಗುತ್ತಿಲ್ಲ.

೧೯ ಡಿಸೆಂಬರ್. ಜಾಲಹಳ್ಳಿ

ಇಲ್ಲಿಗೂ ಹತ್ತಿ ತೂಗಲು ಬಂದೆ. ಹೊಲವೊಂದರಲ್ಲಿ ಮುದುಕಪ್ಪ ಕುರಿ ತರುಬಿ ಬೀಡು ಬಿಟ್ಟಿದ್ದಾನೆ. ತಂಗಿಯ ಗಂಡ ಸಿಕ್ಕನೆಂದು ಓಡಿ ಹೋಗಿ ಕೇಳಿದೆ:

"ಕರೆಮ್ಮ ಹೆಂಗದಾಳ?"

"ಭೇದಿ ನಿಂತಿಲ್ಲ ಮಾವ. ಆದ್ರ ನಿನ್ನ ತಂಗಿ ನಿನ್ನ ದಾರಿನ ಹಿಡದಾಳ. ದೀಪಾವಳಿ ಮುಂದ ದೇವಸುಗೂರಿಗಿ ಹೋಗಿ ಹುಡುಗಿ ಹೆಸರೀಲೆ ಹರಕಿ ಹೊತ್ತು ಬಂದ್ಳು. ನೀ ಬಿಟ್ಟಂಗ ಆಕೀನೂ ಬಿಟ್ಟಾಳ. ಇನ್ನು ವಾಸಿ ಆಗ್ತದ ಬಿಡು."

ಎದೆಯ ಮೇಲಿನ ಚೀಲ ಇಳಿದ ಹಾಗಾಯಿತು. ಹುಡುಗಿ ಗೋಧಿ ಬಿಟ್ಟಿದ್ದಾಳೆ. ಇನ್ನೇನು ಹೇಳುವುದಿದೆ? ಹೈದರಾಬಾದಿನ ಡಾಕ್ಟರು ಬಾಯಿ ನೋಯಿಸಿಕೊಂಡು ಹೇಳಬೇಕಾದದ್ದನ್ನು ನನ್ನ ಒಂದು ಸುಳ್ಳು ಮಾಡಿ ಮುಗಿಸಿತು. ಸಂಜೆ ಹಮಾಲರಿಗೆಲ್ಲ ಚಹಾ ಕುಡಿಸಿದೆ. ಯಾತಕ್ಕೆಂದು ಹೇಳಲಿಲ್ಲ.

೧೧ ಫೆಬ್ರವರಿ ೧೯೭೯, ಭಾನುವಾರ. ಹಿರೇಕೊಟ್ನೆಕಲ್

ಸುಗ್ಗಿ ಮುಗಿಸಿ ಮಾನ್ವಿಯಲ್ಲಿ ಇಳಿದು ನೇರ ಇಲ್ಲಿಗೆ ಬಂದೆ. ಕಿಸೆಯಲ್ಲಿ ಬೆಲ್ಲ.

ಅಂಗಳದಲ್ಲಿ ಕಂಬಳಿ. ಕಂಬಳಿಯ ಮೇಲೆ ಕರೆಮ್ಮ. ಕೈಕಾಲು ದಂಟು. ಕೂದಲು ಕೆಂಪಾಗಿದೆ. ನನ್ನನ್ನು ನೋಡಿ ಎರಡೂ ಕೈ ಚಾಚಿದಳು. ಏಳಲಿಲ್ಲ.

ಯಮನಮ್ಮ ಬಟ್ಟಲಲ್ಲಿ ಏನೋ ಹಿಸುಕುತ್ತಿದ್ದಳು. ಏನದು ಎಂದೆ.

"ಗೋದಿ ಹುಗ್ಗಿ."

"ಹರಕಿ ಹೊತ್ತೀರಿ ಅಂದ ಮುದುಕಪ್ಪ... ಗೋದಿ ಬಿಟ್ಟಿಲ್ಲೇನು?"

"ಗೋದಿ ಯಾಕ ಬಿಡೂನಣ್ಣ? ಗೋದಿ ನಿನ್ನ ಪ್ರಾಣ. ಆಕೀ ಪ್ರಾಣ ಜ್ವಾಳದ ರೊಟ್ಟಿ. ಪ್ರಾಣದಂಥದು ಬಿಡು ಅಂತ ದೇವರು ನಿನಗ ಹೇಳಿಲ್ಲೇನು? ಅಂದಿನಿಂದ ಒಂದು ಚೂರು ರೊಟ್ಟಿ ಮುಟ್ಟಿಸಿಲ್ಲ. ಅತ್ಲು, ಕಾಡಿದ್ಲು, ಕೊಡಲಿಲ್ಲ. ಕುರಿ ಮಾರಿ ಗೋದಿ ತಂದು ಬರೇ ಗೋದಿ ಹಾಕಾಕತ್ತೀವಿ. ಮೂರೂ ಹೊತ್ತು."

ಕೂತೆ. ಕೂತಲ್ಲಿಂದ ಎಲ್ಲ ಹೇಳಿದೆ. ಆಸ್ಪತ್ರೆ, ಗುಳಿಗೆ, ಬೋಳಾದ ಕರುಳು. ಕನಸು ಬಿದ್ದಿರಲಿಲ್ಲ, ಬಿಳಿ ಕುದುರೆ ಇರಲಿಲ್ಲ ಎಂದೆ. ರೊಟ್ಟಿ ಹಾಕು ಎಂದು ಬಟ್ಟಲು ಕಸಿದುಕೊಳ್ಳಲು ಹೋದೆ. ಆಕೆ ಬಿಡಲಿಲ್ಲ.

"ಆನಿ ಎತ್ತಿದ್ದೂ ನೀನ ಹೇಳಿದಿ. ಕನಸೂ ನೀನ ಹೇಳಿದಿ. ಈಗ ದೇವರಿಗಿ ಬಿಟ್ಟಿದ್ದನ್ನ ತಿನಿಸು ಅಂತ ಹೇಳಾಕತ್ತಿ. ಯಾವುದನ್ನ ಖರೇ ಅನ್ಲಿ ಅಣ್ಣ? ಜಡ್ಡಿನವರಿಗಿ ಗೋದಿ ಗಂಜಿ ಹಾಕ್ರಿ ಅಂತ ಲೋಕನ ಹೇಳ್ತದ. ಗೋದಿ ತಿಂದು ಯಾರು ಸತ್ತಾರ?"

ನನ್ನ ಮಾತಿಗೆ ತೂಕ ಉಳಿದಿರಲಿಲ್ಲ.

ಮುದುಕಪ್ಪ ಬಾಗಿಲಲ್ಲಿ ನಿಂತಿದ್ದ. ಬಂದು ಮಗಳನ್ನು ಕಂಬಳಿಯ ಸಮೇತ ಎತ್ತಿ ನನ್ನ ಕೈಗೆ ಕೊಟ್ಟ. "ನಡೀ ಮಾವ, ಎಲ್ಲಿಗಿ ಒಯ್ಯತಿ ಒಯ್ಯಿ," ಅಂದ.

ಕೂಸು ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿತು: "ಎಷ್ಟು ಬಂತು ಮಾವ?"

"ಒಂದು ಮಣ," ಎಂದೆ.

೧೨ ಫೆಬ್ರವರಿ. ರಾಯಚೂರು

ಹೈದರಾಬಾದಿನ ತನಕ ತಾಳುವುದಿಲ್ಲ ಎಂದರು. ಇಲ್ಲಿಯ ಆಸ್ಪತ್ರೆಯಲ್ಲೇ ಸಲೈನ್ ಹಚ್ಚಿದ್ದಾರೆ. ಹೈದರಾಬಾದಿನ ನನ್ನ ಚೀಟಿ ತೋರಿಸಿದೆ. ಡಾಕ್ಟರು ಓದಿ ಗೋಧಿ ನಿಲ್ಲಿಸಿ, ಅಕ್ಕಿ ಗಂಜಿ ಹೇಳಿದರು. ಒಳ್ಳೆಯವರು. ಮೈಯಲ್ಲಿ ನೀರಿಲ್ಲ, ರಕ್ತವಿಲ್ಲ, ಎದೆಗೆ ಕಫ ಇಳಿದಿದೆ, ತಡವಾಗಿದೆ ಎಂದು ನನ್ನೊಬ್ಬನಿಗೇ ಹೇಳಿದರು.

ನರ್ಸಮ್ಮ ತೂಗಿದಳು. ನಾನು ಕಾಂಟಾಕ್ಕೂ ತಂಗಿಗೂ ನಡುವೆ ನಿಂತೆ. ಎಷ್ಟು ಅಂತ ಯಮನಮ್ಮ ಕೇಳಿದಳು. ಹನ್ನೆರಡು ಕಿಲೋ. ಹನ್ನೆರಡು ಎಂದು ಹೇಳಿದೆ.

೧೪ ಫೆಬ್ರವರಿ

ಬೆಳಿಗ್ಗೆ ಕಣ್ಣು ತೆರೆದು ರೊಟ್ಟಿ ಕೇಳಿದಳು. ಅಮರಮ್ಮ ನನಗೆಂದು ಅಮೀರ್ ಸಾಬ್ ಬೀಸಿಟ್ಟ ಹಿಟ್ಟಿನಲ್ಲಿ ಒಂದೇ ಒಂದು ರೊಟ್ಟಿ ತಟ್ಟಿ, ಬೆಣ್ಣೆ ಹಚ್ಚಿ ಸೆರಗಿನಲ್ಲಿ ಮುಚ್ಚಿ ತಂದಳು. ಡಾಕ್ಟರನ್ನು ಕೇಳಿದೆ. ಕೊಡಿ, ಎಂದರು. ಮುಖ ನೋಡಲಿಲ್ಲ.

ನಡುವಿನ ಮೆತ್ತನೆಯದನ್ನು ಕಿತ್ತು ಬಾಯಿಯ ಹತ್ತಿರ ಒಯ್ದೆ. ಹುಡುಗಿ ಬಾಯಿ ತೆರೆಯಲಿಲ್ಲ. ತಾಯಿಯ ಕಡೆ ನೋಡಿದಳು.

"ಯವ್ವಾ, ದೇವರು ಬೈತಾನೇನು?"

ಯಮನಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡಳು. ಹುಡುಗಿ ತಿಂದಳು. ಬಹಳ ಹೊತ್ತು ಅಗಿದಳು.

೧೫ ಫೆಬ್ರವರಿ

ಕರೆಮ್ಮ ಹೋದಳು. ಬೆಳಗು ಆಗಿತ್ತು.

೨೮ ಮಾರ್ಚ್, ಯುಗಾದಿ. ಹಿರೇಕೊಟ್ನೆಕಲ್

ಬರೆದು ಬಹಳ ದಿನವಾಯಿತು. ಗಂಜಿಗೆ ಹೋಗುತ್ತೇನೆ, ಬರುತ್ತೇನೆ. ಮುಳ್ಳು ನಿಂತ ಮೇಲೆ ತೂಕ ಹೇಳುತ್ತೇನೆ.

ಸಾವಿನ ಮನೆ, ಹಬ್ಬವಿಲ್ಲ. ನೋಡಿ ಬರೋಣವೆಂದು ಬಂದೆ. ಯಮನಮ್ಮ ಒಲೆಯ ಮುಂದೆ ಕೂತಿದ್ದಳು, ಹುಡುಗಿ ಕೂಡುವ ಜಾಗ ಬಿಟ್ಟು. ಮೂಲೆಯಲ್ಲಿ ಇನ್ನೂ ಅರ್ಧ ಚೀಲ ಗೋಧಿ ಇದೆ. ಮುದುಕಪ್ಪ ಅದರ ಕಡೆ ಬೆನ್ನು ಮಾಡಿ ಕೂರುತ್ತಾನೆ.

ನನ್ನ ಕಡೆ ತಿರುಗಿ ಕೇಳಿದಳು:

"ಅಣ್ಣ, ಆಕೀನ್ನ ಮಣ್ಣಿಗಿಟ್ಟ ದಿನದಿಂದ ನಿದ್ದಿ ಹತ್ತಿಲ್ಲ. ಖರೇ ಹೇಳು. ಗೋದಿ ವಿಷ ಅಂದ್ಯಲ್ಲ, ಅದು ಖರೇನ? ಅತ್ರೂ ಬಿಡದ ಬಾಯಾಗ ತುರುಕಿದಾಕಿ ನಾನು. ಈ ಕೈಲೆ. ಇಲ್ಲಾ ಹರಕಿ ಮುರದು ರೊಟ್ಟಿ ತಿನಿಸಿದ್ದಕ್ಕ ದೇವರು ಒಯ್ದನೋ?"

ಕೈ ಮುಂದೆ ಹಿಡಿದಿದ್ದಳು, ತೂಗು ಎನ್ನುವ ಹಾಗೆ. ಗೋಧಿ ಎಂದರೆ ಆ ಕೈಯಲ್ಲಿ ಆಕೆ ಇನ್ನು ಉಣ್ಣುವುದಿಲ್ಲ. ರೊಟ್ಟಿ ಎಂದರೆ ನನ್ನನ್ನು ಬೈಯುತ್ತಾಳೆ. ಬೈದರೆ ಬದುಕುತ್ತಾಳೆ.

"ಗೋದಿ ವಿಷ ಅಂದಿದ್ದು ಸುಳ್ಳು ತಂಗಿ," ಎಂದೆ. "ಆನಿ ಎತ್ತಿದಂಗ ಅದೂ ಒಂದು. ನಾ ರೊಟ್ಟಿ ತಿನಿಸಬಾರದಿತ್ತು."

ಬೈಯಲಿಲ್ಲ. ಎದ್ದಳು. ಆ ಗೋಧಿಯದೇ ಬೀಸಿಟ್ಟ ಹಿಟ್ಟು ಕಲಸಿ ಚಪಾತಿ ಲಟ್ಟಿಸಿದಳು. ಬೇಯಿಸಿ ತಾಟಿನಲ್ಲಿಟ್ಟು ನನ್ನ ಮುಂದೆ ಇಟ್ಟಳು.

"ಹಂಗಾದ್ರ ತಿನ್ನು."

ಮುದುಕಪ್ಪ ತಲೆ ಎತ್ತಿ ನೋಡಿದ. ನಾನು ಈಗ ಹೇಳಿದ್ದೇ ಸುಳ್ಳೆಂದು ಆತನಿಗೆ ಗೊತ್ತು ಅನ್ನಿಸಿತು. ಬೇಡ ಅನ್ನುವ ಹಾಗೆ ಕೈ ಸ್ವಲ್ಪ ಎತ್ತಿದ, ಮತ್ತೆ ಇಳಿಸಿದ.

ತಿಂದೆ. ಇನ್ನೊಂದು ಹಾಕು ಎಂದೆ. ಎರಡನೆಯದನ್ನೂ ತಿಂದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಯ ತುತ್ತು ಇಳಿದ ಮೇಲೆ ನೆಲಕ್ಕೆ ಕುಸಿದು, ಅಂದಿನಿಂದ ಅಳದವಳು ಅತ್ತಳು. ನನ್ನ ಹೆಸರು ಹಿಡಿದು ಬೈದು ಅತ್ತಳು.

೨೯ ಮಾರ್ಚ್. ರಾಯಚೂರು

ಹೊಟ್ಟೆ ನಗಾರಿ. ಚೊಂಬು ಕೆಳಗಿಟ್ಟಿಲ್ಲ. ಏನು ತಿಂದಿರಿ ಎಂದು ಅಮರಮ್ಮ ಕೇಳಿದಳು. ತಂಗಿಯ ಮನೆಯ ಊಟ ಎಂದೆ. ಅರ್ಥವಾಯಿತು ಆಕೆಗೆ. ಮಜ್ಜಿಗೆ ತಂದಿಟ್ಟಳು. ಇಂಗಿಲ್ಲದ ಬರೇ ಮಜ್ಜಿಗೆ.

ಮಲಗಿ ಈ ಡೈರಿಯನ್ನು ಹಿಂದಕ್ಕೆ ತಿರುವ್ಯಾಡಿದೆ. ಪಂಚಮಿಯ ದಿನ ಹದಿನಾರು ಕಿಲೋ ಎಂದು ಬರೆದಿದ್ದೇನೆ. ಸುಳ್ಳು. ಆಮೇಲೆ ಹದಿನೈದು. ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಮೇಲಿಷ್ಟು ಹಾಕಿದ್ದೇನೆ. ಎತ್ತಿದ ಸಲವೆಲ್ಲ ಕೈಗೆ ಗೊತ್ತಾಗುತ್ತಿತ್ತು, ಇಳಿಯುತ್ತಿದೆ ಎಂದು. ಕೈ ಹೇಳಿದ್ದನ್ನು ನಾನು ಬರೆಯಲಿಲ್ಲ.

ಆಸ್ಪತ್ರೆಯಲ್ಲಿ ಹನ್ನೆರಡು ಅಲ್ಲ. ಮುಳ್ಳು ನಿಂತದ್ದು ಒಂಬತ್ತಕ್ಕೆ. ಅದರಲ್ಲಿ ಕಂಬಳಿಯ ತುಂಡು ಇತ್ತು, ಕಾಲಿನ ಬೆಳ್ಳಿ ಕಡಗ ಇತ್ತು. ಅವನ್ನು ಕಳೆಯಬೇಕು. ಕಳೆದರೆ ಎಂಟು.

ನಾನು ಕಳೆದುಕೊಂಡದ್ದು ಎಂಟು ಕಿಲೋ. ಮೇಲೆ ಬೆಲ್ಲದ ಚೂರೂ ಇಲ್ಲ.